ಶಾಲೆಗೆ ಹೊರಟ ರೆಕ್ಕೆ

ಫ್ಯಾನ್ ಕಾರ್ಖಾನೆಯ ಕಪಾಟಿನಲ್ಲಿ ಎರಡು ಹಳೆಯ ರೆಕ್ಕೆಗಳಿದ್ದವು. ಅಗಲ ರೆಕ್ಕೆ ಜೋರಾಗಿ ಗಾಳಿ ಬೀಸುತ್ತಿತ್ತು, ಅಷ್ಟೇ ಗದ್ದಲವನ್ನೂ ಮಾಡುತ್ತಿತ್ತು. ತೆಳು ರೆಕ್ಕೆ ಸದ್ದು ಮಾಡುತ್ತಿರಲಿಲ್ಲ, ಗಾಳಿಯೂ ಅಷ್ಟಕ್ಕಷ್ಟೆ. ತಾನೇ ಮೇಲೆಂದು ಎರಡೂ ದಿನವಿಡೀ ಜಗಳವಾಡುತ್ತಿದ್ದವು.

ಒಂದು ದಿನ ಇಂಜಿನಿಯರ್ ಪ್ರಮೀಳಾ ಅವುಗಳ ನಡುವೆ ಹೊಸ ರೆಕ್ಕೆಯೊಂದನ್ನು ಇಟ್ಟು ಹೋದರು.

"ಯಾರು ನೀನು?" ಎಂದಿತು ಅಗಲ ರೆಕ್ಕೆ.

"ನಿಮ್ಮಿಬ್ಬರ ವಂಶದವಳು. ಪ್ರಮೀಳಾ ಮೇಡಂ ನಿಮ್ಮ ಅಳತೆಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿದರು. ಹುಟ್ಟಿದ ಹೊಸ ನಕ್ಷೆಗಳಲ್ಲಿ ಒಳ್ಳೆಯವನ್ನು ಆರಿಸಿ ಮತ್ತೆ ಬೆರೆಸಿದರು. ಹೀಗೆ ಏಳುನೂರು ತಲೆಮಾರು ಕಳೆದ ಮೇಲೆ ನಾನು ಹುಟ್ಟಿದೆ."

"ನನ್ನಷ್ಟು ಗಾಳಿ ಬೀಸುತ್ತೀಯಾ?"

"ಇಲ್ಲ ಅಜ್ಜ."

"ನನ್ನಷ್ಟು ಸುಮ್ಮನಿರುತ್ತೀಯಾ?" ಎಂದಿತು ತೆಳು ರೆಕ್ಕೆ.

"ಅದೂ ಇಲ್ಲ ಅಜ್ಜಿ."

ಎರಡೂ ನಕ್ಕವು. "ಮತ್ತೆ ನಿನ್ನಿಂದ ಏನು ಉಪಯೋಗ?"

"ನಾಳೆ ನಾನು ಶಾಲೆಗೆ ಹೋಗುತ್ತೇನೆ. ಅಲ್ಲಿ ಮಕ್ಕಳು ಬೆವರಬಾರದು, ಟೀಚರ್ ಹೇಳುವ ಪಾಠವೂ ಕೇಳಿಸಬೇಕು. ನಿಮ್ಮಿಬ್ಬರನ್ನೂ ವಾಪಸ್ ಕಳಿಸಿದ ಶಾಲೆಯೇ ಅದು."

ಎರಡೂ ಹೊಸ ರೆಕ್ಕೆಯನ್ನು ಮತ್ತೊಮ್ಮೆ ನೋಡಿದವು. ಆಮೇಲೆ ಅಗಲ ರೆಕ್ಕೆ ಮೆಲ್ಲಗೆ, "ಇವಳ ಬಾಗು ನೋಡಿದೆಯಾ? ಥೇಟ್ ನನ್ನದೇ" ಎಂದಿತು.

"ಅಂಚು ನನ್ನದು" ಎಂದಿತು ತೆಳು ರೆಕ್ಕೆ.

ಮರುದಿನ ಹೊಸ ರೆಕ್ಕೆಯನ್ನು ಒಯ್ಯುವಾಗ ಪಕ್ಕದ ಮೋಟಾರು, "ಅದು ಯಾರದು?" ಎಂದು ಕೇಳಿತು.

ಎರಡೂ ಒಟ್ಟಿಗೇ ಹೇಳಿದವು: "ನಮ್ಮದು."