ಒದ್ದೆ ಹೆಜ್ಜೆಯ ಕಲ್ಲು

ಅಡಿವೆಪ್ಪ ಹೊಳೆದಂಡೆಯ ಮಠಕ್ಕೆ ಬಂದ ದಿನ ಗುರುಗಳು ಅವನ ಮುಖ ನೋಡಲಿಲ್ಲ. ಕಾಲು ನೋಡಿದರು.

ಮುಖ ನೋಡದ ಮನುಷ್ಯನನ್ನು ನಂಬಬಾರದು ಎಂದು ಅಡಿವೆಪ್ಪ ಅಲ್ಲಿಯೇ ತೀರ್ಮಾನಿಸಿಬಿಟ್ಟ.

“ಯಾಕ ಬಂದಿ, ತಮ್ಮಾ?”

“ಗವಿದಾರಿ ನಡೀಬೇಕು, ಅಜ್ಜಾರ. ಅದು ಖರೇ ಎಲ್ಲಿಂದ ಶುರು ಆಗತೈತಿ, ಅದನ್ನ ತೋರಿಸ್ರಿ.”

“ಮಳಿಗಾಲ ಮುಗೀಲಿ. ಅಲ್ಲೀತನಕ ಅಂಗಳದ ಕಸಾ ಹೊಡಕೊಂಡು ಇರು.”

ಗವಿದಾರಿ ಅಂದರೆ ಇಪ್ಪತ್ತೊಂದು ದಿನದ ಕಾಲುಹಾದಿ. ಹೊಳೆದಂಡೆಯಲ್ಲಿ ಹೊರಟರೆ ಎರೆಹೊಲ, ಕುರುಚಲು ಕಾಡು, ಕಲ್ಲುಗುಡ್ಡ ಎಲ್ಲ ದಾಟಿ, ಬೆಟ್ಟದ ನೆತ್ತಿಯ ಗವಿಯಲ್ಲಿ ಮುಗಿಯುತ್ತದೆ. ಹೊರಡುವ ಜಾಗದಲ್ಲಿ ಒಂದು ಚಪ್ಪಟೆ ಕಲ್ಲು. ಅದಕ್ಕೆ ಮೊದಲಗಲ್ಲು ಅಂತ ಹೆಸರು. ಹೊಳೆಯಲ್ಲಿ ಕಾಲು ತೋಯಿಸಿಕೊಂಡು ಬಂದು, ಆ ಕಲ್ಲಿನ ಮೇಲೆ ಬಲಗಾಲು ಊರಿ, ಒದ್ದೆ ಹೆಜ್ಜೆ ಮೂಡಿಸಿ ಹೊರಡಬೇಕು. ಮೂಡದಿದ್ದರೆ ಆ ನಡಿಗೆ ಲೆಕ್ಕಕ್ಕಿಲ್ಲ.

ಅಡಿವೆಪ್ಪನ ಅಪ್ಪ ತಿರಕಪ್ಪ ಈ ದಾರಿ ನಡೆದು ಬಂದಿದ್ದ. ಬಂದವನನ್ನು ಊರ ಕಟ್ಟೆಯ ಮೇಲೆ ಹಿರಿಯ ಸೋಮಲಿಂಗಪ್ಪ ಕೇಳಿದ್ದ. ಅವನು ಬಹಳ ಹಿಂದೆಯೇ ನಡೆದು ಬಂದವನು.

“ಮೊದಲಗಲ್ಲಿನ ಮ್ಯಾಲೆ ಹುಣಸಿಮರದ ನೆಳ್ಳು ಎಷ್ಟ ತಂಪಲ್ಲೋ, ತಿರಕಾ?”

“ಹುಣಸಿಮರ? ಅಲ್ಲಿ ಯಾವ ಹುಣಸಿಮರಾನೂ ಇರಲಿಲ್ಲಲ್ಲ!”

ಕಟ್ಟೆಗೆ ಕಟ್ಟೆಯೇ ನಕ್ಕಿತು. ಮರವನ್ನೇ ಕಾಣದವನು ಕಲ್ಲನ್ನು ಎಲ್ಲಿ ಕಂಡ? ಎಲ್ಲೋ ನಡುವೆ ಸೇರಿಕೊಂಡು ಹೋಗಿ ಬಂದಿದ್ದಾನೆ, ಅಷ್ಟೇ. ಅವತ್ತಿನಿಂದ ಅವನು ‘ಅರೆದಾರಿ ತಿರಕಪ್ಪ’ ಆದ. ಸಾಯುವ ತನಕ ಅದೇ ಹೆಸರು. ಹೆಣ ಎತ್ತುವಾಗಲೂ ಯಾರೋ ಪುಣ್ಯಾತ್ಮ, “ಅರೆದಾರಿ ಈಗ ಪೂರ್ತಿ ದಾರಿ ಹಿಡದ ನೋಡು” ಅಂದದ್ದು ಮಗನ ಕಿವಿಗೆ ಬಿದ್ದಿತ್ತು.

ಆ ಮಾತಿನ ಉರಿ ಹೊತ್ತುಕೊಂಡೇ ಅಡಿವೆಪ್ಪ ಮಠಕ್ಕೆ ಬಂದಿದ್ದ. ನಿಜವಾದ ಮೊದಲಗಲ್ಲು ಎಲ್ಲಿದೆಯೋ ಅಲ್ಲಿಂದ ನಡೆದು ಅಪ್ಪನ ಹೆಸರಿನ ಕೊಳೆ ತೊಳೆಯಬೇಕು. ಇದನ್ನು ಅಜ್ಜಾರಿಗೆ ಹೇಳಲಿಲ್ಲ. ಯಾಕೆ ಹೇಳಬೇಕು? ಕಾಲು ನೋಡುವ ಮನುಷ್ಯನಿಗೆ!

ಮಠದ ಹಿಂದೆ, ಹೊಳೆಯ ಕಡೆ, ಜಾಲಿಗಿಡಗಳ ನಡುವೆ ಕಲ್ಲೇನೋ ಇತ್ತು. ಹುಣಸೆಮರ ಮಾತ್ರ ಎಲ್ಲಿಯೂ ಇರಲಿಲ್ಲ.

“ಅಜ್ಜಾರ, ಕಲ್ಲಿನ ಹತ್ರ ಒಂದು ಹುಣಸಿಮರ ಇತ್ತಂತಲ್ಲ. ಎಲ್ಲೈತಿ?”

“ಇದ್ದಲ್ಲೇ ಐತಿ.”

“ನನಗ ಕಾಣವಲ್ದು.”

“ನೀ ಬರೇ ಕಲ್ಲಿನ ಸುತ್ತ ಹುಡುಕಾಕತ್ತೀದಿ. ಹೆಂಗ ಕಂಡೀತು?”

ಇದೆಂಥ ಉತ್ತರ! ಒಂದು ಮರ ಎಲ್ಲಿದೆ ಅಂತ ಕೇಳಿದರೆ ಒಗಟು ಹೇಳುವವರ ಹೊಟ್ಟೆಯಲ್ಲಿ ಏನೋ ಇರಲೇಬೇಕು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ನಿಜ. ಆದರೆ ಸುಳ್ಳು ಯಾಕೆ ಹೇಳಬೇಕು, ಅಡಿವೆಪ್ಪನ ಸಂಶಯಕ್ಕೆ ಬುಡ ಇಲ್ಲದಿರಲಿಲ್ಲ. ಹಳೆಯ ಕಲ್ಲು ಅಂದರೆ ಸುತ್ತಲ ಮಣ್ಣು ಗಟ್ಟಿಯಾಗಿರಬೇಕು. ಇದರ ಬುಡದಲ್ಲಿ ಕಡ್ಡಿ ಚುಚ್ಚಿದರೆ ಗೇಣುದ್ದ ಸಲೀಸಾಗಿ ಇಳಿಯಿತು. ಕಲ್ಲಿನ ಮೈಮೇಲೆ ಹಳೆಯ ಮಣ್ಣಿನ ಗೆರೆ ಒಂದು ಕಡೆ ಇತ್ತು, ಈಗಿನ ಮಣ್ಣು ಇನ್ನೊಂದು ಕಡೆ. ಮಠದ ಮೂಲೆಯಲ್ಲಿ ಒಂದು ಹಾರೆ ಇತ್ತು. ಅದರ ಮೂತಿ ಸವೆದು ಬೆಳ್ಳಗೆ ಹೊಳೆಯುತ್ತಿತ್ತು. ಮಠಕ್ಕೆ ಹೊಲವಿಲ್ಲ, ತೋಟವಿಲ್ಲ. ಹಾರೆ ಯಾವ ಸುಖಕ್ಕೆ ಸವೆಯಿತು?

ಇದರ ಮೇಲೆ ಅಜ್ಜಾರ ಸಂಜೆಯ ಕೆಲಸ ಬೇರೆ. ದಿನಾ ಹೊಳೆಗಿಳಿದು ಕಾಲು ತೋಯಿಸಿಕೊಂಡು, ತುಟಿ ಅಲ್ಲಾಡಿಸುತ್ತ ಕಲ್ಲಿನ ತನಕ ಬರುವರು. ಕಲ್ಲು ನೋಡುವರು. ತಲೆ ಆಡಿಸುವರು. ಒಳಗೆ ಹೋಗಿಬಿಡುವರು.

ಒಂದು ದಿನ ಊಟದ ಹೊತ್ತಿಗೆ ಅಡಿವೆಪ್ಪ ಬಾಯಿಬಿಟ್ಟ.

“ಅಜ್ಜಾರ, ಆ ಕಲ್ಲನ್ನ ಯಾರರೆ ಸರಿಸ್ಯಾರೇನ್ರಿ?”

ಅಂಬಲಿ ಬಡಿಸುತ್ತಿದ್ದ ಅಜ್ಜಾರ ಕೈ ಒಂದು ಗಳಿಗೆ ನಿಂತಿತು.

“ಅಂಬಲಿ ಆರತೈತಿ. ಉಣ್ಣು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಸೌಟು ಹಿಡಿದುಕೊಂಡರು, ಅಷ್ಟೇ ವ್ಯತ್ಯಾಸ. ಅಡಿವೆಪ್ಪ ಮರುದಿನವೇ ಕಲ್ಲಿನ ಪಕ್ಕದ ಹುಲ್ಲಿನಲ್ಲಿ ಒಂದು ಸಣ್ಣ ಗೂಟ ಬಡಿದು, ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟ. ಗೂಟಕ್ಕೂ ಕಲ್ಲಿಗೂ ನಡುವೆ ಮೂರು ಬೆರಳು. ದಿನಾ ಬೆಳಗ್ಗೆ ಎದ್ದವನು ದೇವರಿಗೆ ಕೈ ಮುಗಿಯುವ ಮೊದಲು ಆ ಮೂರು ಬೆರಳು ಅಳೆದು ಬರುವನು.

ಮಳೆ ಹೋಯಿತು. ಹೊಳೆಯ ಪ್ರವಾಹ ಇಳಿಯಿತು. ನಡುನೀರಿನಲ್ಲಿ ಕರ್ರಗಿನದೊಂದು ಬಂಡೆ ತಲೆ ಎತ್ತಿತು, ಅದರ ಮೇಲೆ ನೀರುಕಾಗೆ ಕೂತು ರೆಕ್ಕೆ ಒಣಗಿಸತೊಡಗಿತು. ನಡೆಯುವವರು ಹೊರಡುವ ಹುಣ್ಣಿಮೆಗೆ ಇನ್ನು ಒಂದೇ ದಿನ.

ಅವತ್ತು ನಸುಕಿನಲ್ಲಿ, ಮಂಜು ಇನ್ನೂ ಹರಿದಿರಲಿಲ್ಲ, ಅಡಿವೆಪ್ಪ ಎಂದಿನಂತೆ ಅಳೆಯಲು ಹೋದ. ಕಲ್ಲಿನ ಹತ್ತಿರ ಒಂದು ಬಾಗಿದ ಬೆನ್ನು ಕಾಣಿಸಿತು. ಕೈಯಲ್ಲಿ ಹಾರೆ.

“ಸಿಕ್ಕಿಬಿದ್ರಿ!” ಎಂದು ಅವನು ಕೂಗಿದ ಸದ್ದಿಗೆ ನೀರುಕಾಗೆ ಹಾರಿಹೋಯಿತು.

ಅಜ್ಜಾರು ಬೆನ್ನು ನೆಟ್ಟಗೆ ಮಾಡಿಕೊಂಡರು.

“ಚಲೋ ಆತು ಬಂದಿ. ಆ ಕಡೆ ಹಿಡಿ. ಒಬ್ಬನ ಕೈಲೆ ಆಗವಲ್ದು.”

“ಮುಟ್ಟಬ್ಯಾಡ್ರಿ ಅದನ್ನ! ಎಷ್ಟ ವರ್ಷದಿಂದ ನಡದೈತಿ ಈ ಕಳ್ಳಾಟ?”

“ನಲವತ್ತ ವರ್ಷ ಆತು. ಅದಕ್ಕೂ ಮೊದಲ ನನ್ನ ಗುರುಗಳು ಸರಿಸ್ತಿದ್ರು.”

ನಾಚಿಕೆಯಿಲ್ಲದೆ ಒಪ್ಪಿಕೊಂಡುಬಿಟ್ಟರಲ್ಲ! ಅಡಿವೆಪ್ಪ ಹಾರೆಗೆ ಅಡ್ಡ ನಿಂತ.

“ಈ ನಿಮ್ಮ ಹಾರಿ ನಮ್ಮಪ್ಪನ ಮಾನ ಕಿತ್ತ ಒಗದೈತಿ, ಗೊತ್ತೈತೇನ್ರಿ?”

ಅಷ್ಟು ದಿನ ಮುಚ್ಚಿಟ್ಟಿದ್ದೆಲ್ಲ ಹೊರಗೆ ಬಂತು. ಊರ ಕಟ್ಟೆ, ಸೋಮಲಿಂಗಪ್ಪ, ಹುಣಸೆಮರ, ಅರೆದಾರಿ, ಹೆಣ ಎತ್ತುವಾಗಿನ ಆ ಮಾತು. ಅಜ್ಜಾರು ಹಾರೆ ಕೆಳಗಿಟ್ಟು ನೆಲದ ಮೇಲೆ ಕೂತರು.

“ಹುಣಸಿಮರ ಎಲ್ಲೈತಿ ಅಂತ ಕೇಳಿದ್ದಿಯಲ್ಲ,” ಅಂದರು ಕೊನೆಗೆ. “ಅಲ್ಲಿ ನೋಡು.”

ಅವರ ಬೆರಳು ನಡುನೀರಿನ ಕರಿ ಬಂಡೆಯ ಕಡೆ ಇತ್ತು. ನೀರುಕಾಗೆ ಮತ್ತೆ ಬಂದು ಕೂತಿತ್ತು. ಅಡಿವೆಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಬಂಡೆಯಲ್ಲ. ಬೊಡ್ಡೆ. ಹಳೆಯ ಮರದ ಬೊಡ್ಡೆ.

“ಇದ್ದಲ್ಲೇ ಐತಿ. ದಂಡಿ ಹಿಂದಕ್ಕ ಬಂದೈತಿ. ಹೊಳಿ ವರ್ಷಾ ಇಷ್ಟಿಷ್ಟ ನೆಲಾ ತಿಂತೈತಿ. ಸೋಮಲಿಂಗಪ್ಪ ಹೊಂಟದ್ದು ಆ ಬೊಡ್ಡಿ ಹತ್ರ. ನಿಮ್ಮಪ್ಪ ಯಾವಾಗ ಬಂದಿದ್ದ?”

“ಹದಿನೆಂಟ ವರ್ಷ ಆತು. ಆಗ ನಾ ಎಂಟ ವರ್ಷದಾಂವ.”

“ಹಂಗಾರ ಅಗೋ, ಆ ಸುಳಿ ತಿರಗತೈತಲ್ಲ, ಅಲ್ಲಿ. ಅದೂ ಈಗ ನೀರ.”

“ಮತ್ತ ಮಂದಿಗೆ ಯಾಕ ಹೇಳಲಿಲ್ಲ? ಕದ್ದು ಯಾಕ ಸರಿಸಬೇಕು?”

“ಒಂದ ವರ್ಷ ಹೇಳಿದೆ. ಹಳೇ ಜಾಗದಿಂದನ ಹೊರಡತೀವಿ ಅಂತ ಇಬ್ಬರು ನೀರಿಗೆ ಇಳದ್ರು. ಒಬ್ಬನ ಹೊರಗ ಬಂದ.”

ಅಜ್ಜಾರು ಹಾರೆಯ ಮೂತಿಗೆ ಅಂಟಿದ ಮಣ್ಣು ಕೆರೆದರು.

“ಅವತ್ತಿಂದ ಬಾಯಿ ಮುಚ್ಚಿಕೊಂಡೆ. ಅದು ನಿಮ್ಮಪ್ಪನ ತಲಿಮ್ಯಾಲೆ ಬಿತ್ತು. ತಪ್ಪು ನಂದ, ತಮ್ಮಾ.”

ಅಡಿವೆಪ್ಪ ಜಗಳಕ್ಕೆ ಸಿದ್ಧನಾಗಿದ್ದ, ಇದಕ್ಕಲ್ಲ. ಆದರೂ ಸಂಶಯ ಒಮ್ಮೆ ಒಳಹೊಕ್ಕ ಮೇಲೆ ಬಾಡಿಗೆಯವರ ಹಾಗೆ ಹೇಳಿದ ತಕ್ಷಣ ಖಾಲಿ ಮಾಡುವುದಿಲ್ಲ. ದಂಡೆ ಸರಿದದ್ದು ಖರೆ, ಮರ ಮುಳುಗಿದ್ದು ಖರೆ. ಅಷ್ಟಕ್ಕೇ ಅಪ್ಪನ ಕಾಲು ಕಲ್ಲು ಮುಟ್ಟಿತ್ತು ಅಂತ ಆಯಿತೇ?

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇಷ್ಟು ದಿನ ಅವನು ಅಜ್ಜಾರನ್ನು ಕಾದದ್ದು, ಗೂಟ ಬಡಿದದ್ದು, ಎಲ್ಲವೂ ಮೇಲಿನ ಸಂಶಯ. ಅದರ ತಳದಲ್ಲಿ ಇನ್ನೊಂದಿತ್ತು. ಊರು ನಕ್ಕಾಗ, ಎಂಟು ವರ್ಷದ ಮಗನೂ ಅಪ್ಪನನ್ನು ನಂಬಿರಲಿಲ್ಲ.

“ಅಜ್ಜಾರ,” ಅಂದ ಅವನು ಮೆಲ್ಲಗೆ, “ನಮ್ಮಪ್ಪ ಖರೇನ ಇಲ್ಲಿಂದ ಹೊಂಟಿದ್ದನೇನ್ರಿ?”

“ಹೆಸರು, ಮಾರಿ ನನಗ ನೆನಪ ಉಳಿಯೂದಿಲ್ಲ. ಕಾಲು ಹೆಂಗಿತ್ತು?”

“ಬಲಗಾಲಾಗ ಕಿರುಬೆರಳು ಇರಲಿಲ್ಲ. ಕೊಡ್ಲಿ ಬಿದ್ದು ಹೋಗಿತ್ತು.”

ಅಜ್ಜಾರು ಕಲ್ಲಿನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಬೊಚ್ಚುಬಾಯಿ ನಗುವಿಗೆ ತೆರೆಯಿತು.

“ನಾಲ್ಕ ಬೆರಳು. ನಾ ನೋಡಾಕತ್ತಿದ್ದು ಕಂಡು ಅಂವಾ ಏನಂದ ಗೊತ್ತೈತೇನು? ‘ನಾ ಕಳ್ಳತನ ಮಾಡೂ ಹಂಗಿಲ್ಲ ನೋಡ್ರಿ ಅಜ್ಜಾರ. ದೇವರು ನನ್ನ ಹೆಜ್ಜ್ಯಾಗ ಹೆಸರು ಬರದ ಇಟ್ಟಾನ.’ ಹಂಗಂದು ತಾನ ನಕ್ಕ.”

ಅಡಿವೆಪ್ಪ ಕಲ್ಲಿನ ಪಕ್ಕ ಕೂತುಬಿಟ್ಟ.

ಗದ್ದೆಯ ಕೆಸರಿನಲ್ಲಿ ನಡೆಯುವಾಗ ಅಪ್ಪ ಹಿಂದೆ ತಿರುಗಿ, ಮೂಡಿದ ಹೆಜ್ಜೆ ತೋರಿಸಿ, ಇದೇ ಮಾತು ಹೇಳುತ್ತಿದ್ದ. ನೂರು ಸಲ ಹೇಳಿದ್ದ. ಅರೆದಾರಿ ಅನ್ನಿಸಿಕೊಂಡ ಮೇಲೆ ಒಮ್ಮೆಯೂ ಹೇಳಲಿಲ್ಲ. ಈ ಮಠದಲ್ಲಿ ಆ ಮಾತು ಯಾರಿಗೂ ಗೊತ್ತಿರುವ ಹಾಗಿರಲಿಲ್ಲ. ಅಪ್ಪ ಬಂದು ಹೇಳಿ ಹೋಗಿದ್ದರೆ ಮಾತ್ರ ಗೊತ್ತಿರಬೇಕು.

ಮಗ ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಸತ್ತಾಗ ಬಾರದ ಅಳು ಅದು. ಅಜ್ಜಾರು ತಡೆಯಲಿಲ್ಲ.

ಅತ್ತು ಮುಗಿಸಿ ಎದ್ದವನು ಹಾರೆಯನ್ನು ತಾನೇ ಕೈಗೆತ್ತಿಕೊಂಡ.

“ಎಲ್ಲಿಡಲಿ ಇದನ್ನ?”

“ಈ ಸಲ ನೀ ಹೇಳು.”

“ಮಠದ ಅಂಗಳದಾಗ ಇಡೂಣ್ರಿ. ಇನ್ನ ನೂರ ವರ್ಷ ಹೊಳಿ ಮುಟ್ಟೂದಿಲ್ಲ. ಸರಿಸೂ ಕೆಲಸಾನ ಬ್ಯಾಡ.”

“ಆತು. ಕಾಲು ತೋಯಿಸಿಕೊಂಡು ಅಲ್ಲೀತನಕ ಹೋಗಿ ಬಾ.”

ಅಡಿವೆಪ್ಪ ಹೊಳೆಗಿಳಿದು, ಅಂಗಳದ ತನಕ ನಡೆದು, ಅಲ್ಲಿನ ಹಾಸುಗಲ್ಲಿನ ಮೇಲೆ ಬಲಗಾಲು ಊರಿದ. ಎತ್ತಿ ನೋಡಿದರೆ ಒಂದಿಷ್ಟು ಧೂಳು. ಹೆಜ್ಜೆ ಇಲ್ಲ.

ಅವನು ವಾಪಸು ಬಂದ. ಮತ್ತೆ ಹೊಳೆಗಿಳಿದ. ಈ ಸಲ ಹೆಜ್ಜೆ ಎಣಿಸುತ್ತ ಅವನ ತುಟಿಯೂ ಅಲ್ಲಾಡುತ್ತಿತ್ತು. ಹೊಳೆಯ ಬಾಯಿಗೆ ಬೇಗ ಸಿಗದಷ್ಟು ದೂರ, ಪಾದದ ನೀರು ಆರದಷ್ಟು ಹತ್ತಿರ, ಅಂಥ ಒಂದು ಜಾಗ ಹಿಡಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಇಬ್ಬರೂ ಸೇರಿ ಕಲ್ಲು ಉರುಳಿಸಿ ತಂದು ಅಲ್ಲಿ ಕೂರಿಸಿದರು. ಗೂಟವನ್ನು ಅಡಿವೆಪ್ಪ ತಾನೇ ಕಿತ್ತು ಹೊಳೆಗೆ ಎಸೆದ.

ಮರುದಿನ ಹುಣ್ಣಿಮೆ. ಊರೂರುಗಳಿಂದ ಜನ ಬಂದು ದಂಡೆಯಲ್ಲಿ ಸಾಲಾಗಿ ನಿಂತರು. ಎಲ್ಲರಿಗಿಂತ ಮೊದಲು ಅಡಿವೆಪ್ಪ ನೀರಿನಿಂದ ಬಂದು ಕಲ್ಲಿನ ಮೇಲೆ ಕಾಲಿಟ್ಟ. ಐದು ಬೆರಳೂ ಚೊಕ್ಕಟವಾಗಿ ಮೂಡಿದವು.

ಇಳಿದವನು ನಾಲ್ಕು ಹೆಜ್ಜೆ ಹೋದ. ನಿಂತ. ಹೊರಟ ಮೇಲೆ ಹಿಂದೆ ನೋಡಬಾರದೆಂಬ ನೇಮ ಗೊತ್ತಿದ್ದೂ ಹಿಂದೆ ನೋಡಿದ.

“ಅಜ್ಜಾರ, ಊರಾಗ ಸೋಮಲಿಂಗಪ್ಪ ಇನ್ನೂ ಅದಾನ. ನನ್ನನ್ನೂ ಕೇಳತಾನ, ಹುಣಸಿಮರ ಇತ್ತೇನು ಅಂತ. ಇರಲಿಲ್ಲ ಅಂದ್ರ ಮತ್ತ ನಗತಾನ. ನಾ ಇಲ್ಲಿಂದನ ಹೊಂಟೆ ಅಂತ ನೀವು ಒಂದ ಚೀಟಿ ಬರದ ಕೊಡ್ರಿ.”

ಅಜ್ಜಾರು ಅವನ ಮುಖ ನೋಡಲಿಲ್ಲ. ಕಾಲು ನೋಡಿದರು.

“ಆರಾಕತ್ತಾವು, ತಮ್ಮಾ. ನಡಿ.”