ಕಡಗಕುರ್ವೆಗೆ ಆ ಹೆಸರು ಬಂದದ್ದು

ಹೊಸಕೇರಿ ಅಳಿವೆಯಲ್ಲಿ, ಹೊಳೆ ಕಡಲನ್ನು ಕೂಡುವಲ್ಲಿ, ಒಂದು ಸಣ್ಣ ನಡುಗಡ್ಡೆ ಇದೆ. ಈ ಕಡೆಯವರು ಅದನ್ನು ಕುರ್ವೆ ಎನ್ನುತ್ತಾರೆ. ಹನ್ನೊಂದು ಮನೆ, ಒಂದು ಶಾಲೆ, ಸುತ್ತಲೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೆಸರು. ಕಾಲಿಡಲು ಬರುವುದು ಬಡಗಣ ಮೂಲೆಯ ಕಲ್ಲಿನ ಧಕ್ಕೆಯಲ್ಲಿ ಮಾತ್ರ. ಕಡಗದಂತೆ ದುಂಡಗಿರುವುದರಿಂದ ಕಡಗಕುರ್ವೆ ಎಂದು ಬಂದವರಿಗೆ ಯಾರೋ ಹೇಳಿಕೊಡುತ್ತಾರೆ. ತಪ್ಪು. ಕುರ್ವೆ ದುಂಡಗಿಲ್ಲ, ನಾನು ಸುತ್ತಿ ನೋಡಿದ್ದೇನೆ.

ಹಿಂದೆ ಒಮ್ಮೆ ಇಬ್ಬರು ಪಾಳೆಯಗಾರರಿಗೆ ಯುದ್ಧವಾದಾಗ, ಈ ಸೀಮೆಯ ದಳವಾಯಿ ದಡದ ಹೊಸಕೇರಿಯ ಹೆಂಗಸರು, ಮಕ್ಕಳು, ಮುದುಕರನ್ನು ಕುರ್ವೆಗೆ ಸಾಗಿಸಿ, ಧಕ್ಕೆ ಕಾಯಲು ಏಳು ಸಿಪಾಯಿಗಳನ್ನು ಇಟ್ಟನಂತೆ. ಅವರ ಮುಂದಾಳು ಜಟ್ಟು, ಇದೇ ಕೇರಿಯ ಮೀನುಗಾರರ ಮಗ. ಜೊತೆಗಾರ ಕುಪ್ಪ ಘಟ್ಟದ ಮೇಲಿನವನು, ಈಜು ಬಾರದವನು. ಅಮಾವಾಸ್ಯೆಗೆ ದೋಣಿ ನೀರಿಗಿಳಿಸಬಾರದೆಂಬುದು ಕೇರಿಯ ಕಟ್ಟಳೆ. ಹಿಂದಿನ ದಿನವೇ ಎಲ್ಲ ದೋಣಿಗಳನ್ನು ಮರಳಿಗೆಳೆದು, ಹಲಗೆಗಳನ್ನು ಕೂಡಿಸಿದ ನಾರಿನ ಹುರಿಹೊಲಿಗೆ ಬಿಚ್ಚಿ, ಮೀನೆಣ್ಣೆ ಬಳಿದು ಒಣಗಲು ಬಿಡುತ್ತಿದ್ದರು. ಯುದ್ಧಕಾಲದಲ್ಲಿ ಇದನ್ನು ನಿಲ್ಲಿಸಬೇಕೆಂದು ಯಾರಿಗೂ ತೋಚಲಿಲ್ಲ. ಶತ್ರು ಅದನ್ನೇ ನಂಬಿ ಬಂದ. ಅಮಾವಾಸ್ಯೆಯ ಬೆಳಿಗ್ಗೆ, ಉಬ್ಬರ ತುಂಬಿದ ಹೊತ್ತಿಗೆ, ಐದು ದೋಣಿ ತುಂಬ ಜನ ಧಕ್ಕೆಯತ್ತ ಬಂದರು. ಕೇರಿಯ ಗಂಡಸರು ಕತ್ತಿ ಹಿಡಿದು ಆಚೆ ದಡದಲ್ಲೇ ನಿಂತರು.

“ನಿಮ್ಮವರು ಹೊಲಿಗೆ ಬಿಚ್ಚಿಕೊಂಡು ಕೂತರಲ್ಲೋ ಮಾರಾಯ. ಇನ್ನು ಹಾರಿಕೊಂಡು ಬರ್ತಾರಾ?” ಎಂದ ಕುಪ್ಪ.

“ನಡೆದು ಬರ್ತಾರೆ. ಅಗೋ, ನೀರು ಸುಳಿಯುವಲ್ಲಿ ಕರಿಕಲ್ಲೊಂದಿದೆ. ಅದರ ನೆತ್ತಿ ಕಂಡರೆ ದಡದಿಂದ ಇಲ್ಲೀತನಕ ಇರುವ ಮರಳುದಿಬ್ಬದ ಮೇಲೆ ಸೊಂಟಮಟ್ಟ ನೀರು. ಅಮಾಸೆಯ ಇಳಿತ ಉಳಿದ ದಿನದ ಹಾಗಲ್ಲ. ಅಲ್ಲೀತನಕ ನಿಲ್ಲಬೇಕು.”

ಧಕ್ಕೆಯ ಮೇಲೆ ಇಬ್ಬರಿಗಷ್ಟೇ ಜಾಗ, ಬಿದ್ದವನ ಜಾಗಕ್ಕೆ ಹಿಂದಿನವನು ಬರಬೇಕು. ಶತ್ರು ಮೊದಲ ಸಲ ಏರಿ ಬಂದಾಗ ಇಬ್ಬರು ಸಿಪಾಯಿಗಳು ಬಿದ್ದರು, ಎರಡನೆಯ ಸಲ ಮೂವರು. ಜಟ್ಟುವಿನ ಬಲಗೈಗೆ ಏಟು ಬಿದ್ದು ಕತ್ತಿ ಎಡಗೈಗೆ ಬಂತು. ಗಿಡಗಳ ಹಿಂದೆ ಹೆಂಗಸರು ಮಕ್ಕಳ ಬಾಯಿ ಒತ್ತಿ ಹಿಡಿದು ಕೂತಿದ್ದರು. “ಕಂಡಿತೇನೋ?” “ಇನ್ನೂ ಇಲ್ಲ.” ಕುಪ್ಪ ಕೇಳುತ್ತಲೇ ಇದ್ದನಂತೆ, ಮೂರನೆಯ ಸಲ ಏರಿ ಬಂದಾಗ ಕೇಳುವುದು ನಿಂತಿತು. ಕರಿಕಲ್ಲು ನೆತ್ತಿ ತೋರಿದಾಗ ಧಕ್ಕೆಯ ಮೇಲೆ ಜಟ್ಟು ಒಬ್ಬನೇ. ಕೇರಿಯವರು ದಿಬ್ಬದ ಮೇಲೆ ನಡೆದು ಬಂದರು. ಶತ್ರುವಿನ ದೋಣಿಗಳು ಕೆಸರಿಗೆ ಕಚ್ಚಿಕೊಂಡಿದ್ದವು.

ಆ ಕಾಲಕ್ಕೆ ಶೌರ್ಯದ ಪದಕವೆಂದರೆ ಬೆಳ್ಳಿಯ ಕಡಗ. ಮರುದಿನ ದಳವಾಯಿ ಜಟ್ಟುವಿನ ಎರಡು ಕೈಗೆಂದು ಎರಡು ಕಡಗ ಹಿಡಿದು ಬಂದು, “ಎಷ್ಟು ಜನರನ್ನು ಕೆಡವಿದೆ?” ಎಂದು ಕೇಳಿದ.

“ಎಣಿಸಲಿಲ್ಲ ಒಡೆಯಾ. ಕಣ್ಣು ಕಲ್ಲಿನ ಮೇಲಿತ್ತು. ಕುಪ್ಪನಿಗೆಲ್ಲಿ? ಉಳಿದ ಐವರಿಗೆ?”

“ಸತ್ತವರಿಗೆ ಕಡಗ ತೊಡಿಸುವ ಕಟ್ಟಳೆ ಇಲ್ಲ.”

“ಕಟ್ಟಳೆ ಹಿಡಿದೇ ನಾವು ದೋಣಿ ಬಿಚ್ಚಿದ್ದು, ಒಡೆಯಾ.”

ದಳವಾಯಿ ಇನ್ನೂ ನಾಲ್ಕು ಕಡಗ ತರಿಸಿ, ಆರನ್ನೂ ಆ ಕರಿಕಲ್ಲಿಗೆ ಕೂರಿಸಿದನಂತೆ. ಜಟ್ಟು ತನಗೆಂದು ಕೇಳಲಿಲ್ಲ.

ಬೆಳ್ಳಿ ಈಗಿಲ್ಲ. ಇಳಿತದಲ್ಲಿ ಹೋದರೆ ಕಲ್ಲಿನ ಮೇಲೆ ಆರು ದುಂಡು ಗೆರೆ ಕಾಣುತ್ತವೆ. ಅವು ಅಲೆಯ ಕೆಲಸವೂ ಇರಬಹುದು, ನಾನು ಆಣೆ ಇಡುವುದಿಲ್ಲ. ಅಮಾವಾಸ್ಯೆಯ ದಿನ ಕೇರಿಯ ದೋಣಿಗಳು ಇಂದಿಗೂ ಮರಳ ಮೇಲೆ ಕವುಚಿ ಬಿದ್ದಿರುತ್ತವೆ. ಒಂದು ಮಾತ್ರ ನೀರಿನಲ್ಲೇ ಇರುತ್ತದೆ, ಹುಟ್ಟುಗೋಲು ಒಳಗಿಟ್ಟುಕೊಂಡು.