ಸಾಹೇಬರು ಓದಿ ಹೇಳಿದ್ದು

ನೂಲಿಗೆ ಬಿಳುಪು ಕೊಡುವ ಕಾರ್ಖಾನೆ ಅದು. ತೊಟ್ಟಿಯಿಂದ ಏಳುವ ಕ್ಲೋರಿನ್ ಘಾಟಿಗೆ ಕಾಶವ್ವ ವರ್ಷವಿಡೀ ಕೆಮ್ಮುತ್ತಿದ್ದಳು. ಡಾಕ್ಟರು ಬಂದು ಕೆಲಸದವರ ಉಸಿರು ಅಳೆಯಬೇಕೆಂಬುದು ಕಾಯಿದೆ. ಮ್ಯಾನೇಜರ್ ಹಂಚಿನಾಳ ಸಾಹೇಬರು ಡಾಕ್ಟರಿಲ್ಲದೆಯೇ ಅಳೆದು ಮುಗಿಸಿದ್ದರು! ಪುಸ್ತಕದಲ್ಲಿ ಹನ್ನೆರಡು ಹೆಸರು, ಎಲ್ಲದರ ಮುಂದೆ 'ಉಸಿರು ಉತ್ತಮ'.

"ಹೆಬ್ಬೆಟ್ಟು ಒತ್ತು," ಎಂದು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಾಚೆಯಿಂದಲೇ ತೊಟ್ಟಿಯ ಬಳಿಯಿದ್ದ ಕಾಶವ್ವನನ್ನು ಗದರಿದರು. "ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

"ಒತ್ತತೀನ್ರೀ ಸಾಹೇಬ್ರ. ಓದಿಸಿ ಕೇಳದ ಹೆಬ್ಬೆಟ್ಟು ಒತ್ತಬ್ಯಾಡ ಅಂತ ನಮ್ಮಪ್ಪ ಹೇಳ್ಯಾನ. ಒಳಗ ಬಂದು ಓದ್ರಿ. ನಾ ಈಗ ಕೈ ಬಿಟ್ರ ತೊಟ್ಟ್ಯಾಗಿನ ನೂಲು ಕ್ಲೋರಿನ್ನಿಗೆ ಸುಟ್ಟು ಹೋಗತೈತಿ."

ನೂಲು ಕೆಟ್ಟರೆ ಮಾಲಕರು ಬಿಟ್ಟಾರೆಯೇ? ಸಾಹೇಬರು ಒಳಗೆ ಬಂದು, ಮೂಗು ಮುಚ್ಚಿಕೊಂಡೇ ಗೊಣಗುತ್ತ ಓದತೊಡಗಿದರು.

"ಕೇಳವಲ್ದು, ಜೋರಾಗಿ ಓದ್ರೀ!"

ಕರವಸ್ತ್ರ ಇಳಿಯಿತು. ಮೊದಲ ಹೆಸರಿಗೆ ಗಂಟಲು ಕೆರೆಯಿತು, ಎರಡನೆಯದಕ್ಕೆ ಕಣ್ಣೀರು ಧಾರಾಕಾರ. ಮೂರನೆಯ ಹೆಸರಿಗೆ ಸಾಹೇಬರು ಅಂಗಳಕ್ಕೆ ಓಡಿ, ಬಗ್ಗಿ ನಿಂತು ಕೆಮ್ಮುತ್ತಿದ್ದರು.

ಕಾಶವ್ವ ನೂಲು ಎತ್ತಿಟ್ಟು, ತಂಬಿಗೆಯಲ್ಲಿ ನೀರು ತಂದಳು. "ಕುಡೀರಿ ಸಾಹೇಬ್ರ. ಆಮ್ಯಾಲ ಹದಿಮೂರನೇದಾಗಿ ನಿಮ್ಮ ಹೆಸರೂ ಬರಕೋರಿ. ಅದರ ಮುಂದ ಏನಂತ ಬರೀತೀರಿ?"

ಸಾಹೇಬರು ಪುಸ್ತಕ ಮುಚ್ಚಿದರು.

ಗುರುವಾರ ಡಾಕ್ಟರು ಊದುವ ಯಂತ್ರ ತಂದರು. ಕಾಶವ್ವ ಸೆರಗು ಸಿಕ್ಕಿಸಿ, ಸಾಲಿನ ಮೊದಲಿಗಳಾಗಿ ತಲೆಯೆತ್ತಿ ನಿಂತಳು.